ಮೂರನೇ ಸಾಲಿನ ಖಾಲಿ ಜಾಗ

ಜನವರಿ 12, ಭಾನುವಾರ

ರೆಕಾರ್ಡು ಒರೆಸಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಮೆತ್ತನೆಯ ಬಟ್ಟೆ ಸಿಗದೆ ಹಳೆಯ ವಾಯಿಲ್ ಸೀರೆ ಹರಿದೆ. ಕೆಳಗಿನ ಟೈರ್ ಅಂಗಡಿಯವನು ಭಾನುವಾರವೂ ಕಂಪ್ರೆಸರ್ ಹಾಕುತ್ತಾನೆ. ದೂರು ಕೊಟ್ಟು ವರ್ಷವಾಯಿತು. ಕೇಳಿಸಿಕೊಳ್ಳುವವರಿದ್ದರೆ ತಾನೆ...

ನನ್ನ ಮನೆಯಲ್ಲಿ ರೆಕಾರ್ಡು ಹಾಕಿ ಕೇಳುವ ಭಾನುವಾರದ ಬೈಠಕ್ಕಿಗೆ ಇವತ್ತು ಜನ ಕಡಿಮೆ. ಉಲ್ಲಾಸ ಬಂದಿದ್ದ. ಅಣ್ಣನ ಮಗ, ಹಲ್ಲಿನ ಡಾಕ್ಟರು. ಒಂದು ಬದಿ ಪೂರ್ತಿ ಕೇಳಿ, "ಅತ್ತೆ, ಇದು ಶುರು ಆತ, ಇನ್ನೂ ಶ್ರುತಿ ಮಾಡ್ತಾ ಇದ್ವ?" ಎಂದ. "ನಿನ್ನ ಡ್ರಿಲ್ಲಿಗಿಂತ ಚಲೋ ಇದ್ದು, ಸುಮ್ಮನೆ ಕೂತ್ಕ" ಎಂದೆ.

ವಿಷಯ — ಜಾಜ್ ಯಾರದ್ದು? ಈಗ ಎಲ್ಲದಕ್ಕೂ ಒಬ್ಬ ಮಾಲೀಕ ಬೇಕು ಜನಕ್ಕೆ. ಹಾಗಲ್ಲ ಎಂದು ಒಂದೊಂದೇ ಹಾಕಿ ತೋರಿಸಿದೆ. ಹೊಲದಲ್ಲಿ ಗುಲಾಮರಲ್ಲಿ ಒಬ್ಬ ಕೂಗಿದರೆ ಉಳಿದವರು ಉತ್ತರ ಕೊಡುತ್ತಿದ್ದ ಹಾಡು. ಚರ್ಚಿನ ಪ್ರಾರ್ಥನೆ. ಕ್ಯೂಬಾದ ತಾಳ. ಮಿಲಿಟರಿ ಬ್ಯಾಂಡುಗಳ ಹಿತ್ತಾಳೆ ವಾದ್ಯ. ನ್ಯೂ ಆರ್ಲಿಯನ್ಸ್ ಎಂಬ ಬಂದರಿನಲ್ಲಿ ಇವೆಲ್ಲ ಒಂದೇ ಬೀದಿಗೆ ಬಂದವು. ಅಲ್ಲಿ ಸತ್ತವನನ್ನು ಒಯ್ಯುವಾಗ ಬ್ಯಾಂಡು ಅಳುತ್ತದೆ, ಮಣ್ಣು ಮಾಡಿ ಮರಳುವಾಗ ಕುಣಿಯುತ್ತದೆ. ಆಮೇಲೆ ಗೋವೆಯವರು ಚರ್ಚಿನ ಶಾಲೆಯಲ್ಲಿ ಸ್ವರಲಿಪಿ ಕಲಿತು ಮುಂಬಯಿ ಹೋಟೆಲುಗಳಲ್ಲಿ ನುಡಿಸಿದರು. ಅಂಥವರೊಬ್ಬರ ಕೈಕೆಳಗೆ ಕಲಿತವನೇ ನಮ್ಮೂರಿನ ಸ್ಯಾಕ್ಸೋಫೋನ್ ವಾದಕ ಆತಿಫ್. ಕೊನೆಗೆ ಶಿರಸಿಗೆ ಮರಳಿ ತನ್ನ ಅಣ್ಣ ಸುಭಾನನ ಮದುವೆ ಬ್ಯಾಂಡಿಗೇ ಸೇರಿದ. ಹೋದ ವರ್ಷ ಮೇ ಒಂದರಂದು ಎದೆನೋವು ಬಂದು ತೀರಿಹೋದ. ಪತ್ರಿಕೆಯಲ್ಲಿ ಎರಡು ಸಾಲು ಬರಲಿಲ್ಲ. ಡಿಜೆ ಲಾರಿಗೆ ಬಲ್ಬು ಕಟ್ಟಿದವನ ಫೋಟೋ ಬರುತ್ತದೆ.

ಹುಸ್ನಾ ಕೊನೆಯ ಕುರ್ಚಿಯಲ್ಲಿದ್ದಳು. ಆತಿಫನ ಮಗಳು. ತೆರಿಗೆ ಲೆಕ್ಕದ ಆಫೀಸಿನಲ್ಲಿ ಕೆಲಸ. ಅಪ್ಪನೇ ಕಲಿಸಿದ ಸ್ಯಾಕ್ಸೋಫೋನ್ ಮನೆಯೊಳಗೆ ಮಾತ್ರ ನುಡಿಸುತ್ತಾಳೆ. ಹೆಣದ ಮೆರವಣಿಗೆಯ ರೆಕಾರ್ಡು ಮುಗಿದ ಮೇಲೂ ಎದ್ದಿರಲಿಲ್ಲ.

"ಆಂಟಿ, ಅವ್ರು ವಾಪಸ್ ಬರುವಾಗ ಕುಣೀತಾರಲ್ಲ, ಸತ್ತವರಿಗೆ ಅದು ಕೇಳೋದಿಲ್ವಾ?"

ರೆಕಾರ್ಡು ತೆಗೆದು ಕವರಿಗೆ ಹಾಕಿದೆ.

ಜನವರಿ 23, ಗುರುವಾರ

ಬಿಡ್ಕಿಬೈಲಿನಲ್ಲಿ ಮದುವೆ ಮೆರವಣಿಗೆ. ಸುಭಾನನ ಬ್ಯಾಂಡು! ಎಷ್ಟು ಕಾಲವಾಗಿತ್ತು ರಸ್ತೆಯಲ್ಲಿ ಕೇಳಿ. ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ.

ನುಡಿಸುತ್ತಿದ್ದದ್ದು ಅವರ ಮನೆತನದ ಹೊರಡುವ ಗತ್ತು, ಮೆರವಣಿಗೆಯ ರಾಗ. ಅವರ ಅಜ್ಜ ಕಟ್ಟಿದ್ದು. ಟ್ರಂಪೆಟ್ ಒಂದು ಸಾಲು ಕೇಳುತ್ತದೆ, ಸ್ಯಾಕ್ಸೋಫೋನ್ ಒಂದು ಸಾಲು ಹೇಳುತ್ತದೆ. ಸುಭಾನ ಕೇಳಿದ. ಉತ್ತರವಿಲ್ಲ. ಡ್ರಮ್ ಕೂಡ ನಿಂತಿತು. ಒಂದು ಸಾಲಿನಷ್ಟು ಹೊತ್ತು ಬರೀ ಚಪ್ಪಲಿ ಸದ್ದು. ಮತ್ತೆ ಕೇಳಿದ. ಮತ್ತೆ ಚಪ್ಪಲಿ ಸದ್ದು.

ಆಗ ನೋಡಿದೆ. ಮೂರನೇ ಸಾಲಿನಲ್ಲಿ ಇಬ್ಬರ ನಡುವೆ ಒಬ್ಬ ಮನುಷ್ಯನಷ್ಟು ಖಾಲಿ. ಬೀದಿ ಇಕ್ಕಟ್ಟಾದಲ್ಲೂ ಆ ಖಾಲಿ ಹಾಗೆಯೇ ನಡೆಯಿತು. ಒಂದು ನಾಯಿ ಸಾಲಿನ ಮಧ್ಯೆ ನುಗ್ಗಿ ದಾಟಲು ಬಂದದ್ದು, ಅಲ್ಲಿಗೆ ಬಂದು ನಿಂತು, ಸುತ್ತು ಹಾಕಿ ಹೋಯಿತು. ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಸೆರಗು ಹೊದ್ದುಕೊಂಡೆ.

ಊಟದ ಚಪ್ಪರದ ಹಿಂದೆ ಸುಭಾನನನ್ನು ಹಿಡಿದೆ. ಹಾನಗಲ್ ಕಡೆಯಿಂದ ಬಂದ ಮನೆ, ಮಾತಿನಲ್ಲಿ ಇನ್ನೂ ಆ ಧಾಟಿ.

"ಬೇರೆ ಸ್ಯಾಕ್ಸ್‌ನವನು ಸಿಗಲಿಲ್ವಾ ಸುಭಾನ್?"

"ಸಿಗ್ತಾನ್ರಿ ವೇದಕ್ಕಾ. ಆದ್ರ ಆತಿಫ್ ಇನ್ನಾ ಜಾಗಾ ಬಿಟ್ಟಿಲ್ರಿ. ವರ್ಷ ತುಂಬೂತನಕ ಅವನ ಸಾಲು ಅವನಿಗೇ. ನಮ್ಮ ಬ್ಯಾಂಡಿನ ರಿವಾಜು."

"ಮದುವೆ ಮನೆಯವರು ಏನೂ ಅನ್ನಲ್ವಾ?"

"ಅಂತಾರ್ರಿ. ಮರ್ತ್ಯಾರ ಅಂತ ನಗ್ತಾರ. ನಗ್ಲಿ ಬಿಡ್ರಿ. ಮದುವಿ ಮನಿ, ನಗಬೇಕು."

ಜನವರಿ 26, ಭಾನುವಾರ

ಬೈಠಕ್ಕಿನಲ್ಲಿ ಇವತ್ತು ಬ್ರೇಕ್ ಬಗ್ಗೆ ಮಾತಾಡಿದೆ. ಜಾಜ್‌ನಲ್ಲಿ ಎಲ್ಲರೂ ಒಮ್ಮೆಗೇ ಸುಮ್ಮನಾಗುತ್ತಾರೆ, ಆ ಖಾಲಿಯಲ್ಲಿ ಒಬ್ಬನೇ ತನ್ನದನ್ನು ನುಡಿಸುತ್ತಾನೆ. ಬೀಳುವವನು ಬೀಳುತ್ತಾನೆ, ಹಾರುವವನು ಹಾರುತ್ತಾನೆ. ಸಾಕಷ್ಟು ಉದಾಹರಣೆ ಹಾಕಿದೆ.

ಎಲ್ಲರೂ ಹೋದ ಮೇಲೆ ಹುಸ್ನಾ ಉಳಿದಳು. ಪಣಜಿಯ ಒಂದು ಹೋಟೆಲ್ ಬ್ಯಾಂಡಿನ ಮುಖ್ಯಸ್ಥರು ಆತಿಫನ ಹಳೆಯ ಪರಿಚಯ. ಜೂನ್‌ಗೆ ಒಬ್ಬರು ಬೇಕಂತೆ. "ನಿನ್ನದೇ ಏನಾದರೂ ನುಡಿಸಿ ಕಳಿಸು, ಅಪ್ಪನ ನಕಲು ಬೇಡ" ಎಂದಿದ್ದಾರೆ. ನಾಲ್ಕು ಜನರ ಮುಂದೆ ನುಡಿಸಿಯೇ ಗೊತ್ತಿಲ್ಲ ಅವಳಿಗೆ.

"ನಿಮ್ಮ ಬ್ಯಾಂಡಿನ ಗತ್ತಿನಲ್ಲಿ ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆಯಲ್ಲ" ಎಂದೆ. "ಅದು ಬ್ರೇಕ್ ಕಣೇ. ಅಲ್ಲಿ ನಿಂತು ನಿನ್ನದನ್ನು ನುಡಿಸು. ಅಪ್ಪನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಾ?"

"ದೊಡ್ಡಪ್ಪ ಬೈತಾರೆ."

"ಹುಡುಗಿ ಅಂತ ಬೈದರೆ ನಾನು ಮಾತಾಡ್ತೇನೆ."

ಖಾಲಿಯನ್ನು ಕಂಡರೆ ನನಗೆ ಸಿಟ್ಟು. ನಾನಿದ್ದ ರೇಡಿಯೋ ನಿಲಯದಲ್ಲಿ ಜಾಗವಿಲ್ಲವೆಂದು ಟೇಪುಗಳನ್ನು ಅಳಿಸಿದರು. ಎಂತೆಂಥ ಕಂಠ... ಅಳಿಸಿದ ಟೇಪನ್ನು ಕೇಳಿದ್ದೇನೆ. ಸೊಂಯ್ ಎನ್ನುತ್ತದೆ, ಅಷ್ಟೇ.

ಫೆಬ್ರವರಿ 7, ಶುಕ್ರವಾರ

ಹುಲೇಕಲ್‌ನಲ್ಲಿ ಮದುವೆ. ಉಲ್ಲಾಸನ ಕಾರಿನಲ್ಲಿ ಹೋದೆ. ಹುಸ್ನಾಳೂ ಬಂದಳು, ವಾದ್ಯದ ಪೆಟ್ಟಿಗೆ ಮಡಿಲಲ್ಲಿ. ದಾರಿಯುದ್ದಕ್ಕೂ ಉಲ್ಲಾಸನ ಚೇಷ್ಟೆ — "ಹೆದರಡ, ಹಲ್ಲು ಉದುರಿರೆ ಆನಿದ್ದೆ."

ಮೆರವಣಿಗೆ ಸೊಸೈಟಿ ಕಟ್ಟಡ ದಾಟಿತು. ಸುಭಾನ ಗತ್ತು ಎತ್ತಿದ. ಮೊದಲ ಖಾಲಿ ಬಂತು, ಹೋಯಿತು. ಎರಡನೆಯದಕ್ಕೆ ನಾನೇ ಹುಸ್ನಾಳ ಬೆನ್ನು ತಟ್ಟಿದೆ. ರಸ್ತೆಯ ಬದಿಯಿಂದ ಹೋಗಿ ಮೂರನೇ ಸಾಲಿನಲ್ಲಿ ನಿಂತಳು. ಊದಿದಳು.

ಅದು ಅವಳದ್ದಲ್ಲ.

ಎರಡನೆಯ ಸ್ವರವನ್ನು ಒಂದು ಕೂದಲೆಳೆ ತಡವಾಗಿ ಹಿಡಿದು, ಕೊನೆಯದನ್ನು ಕೆಳಗೆ ಜಾರಿಸಿ ನಗುವ ರೀತಿ... ಆತಿಫ್. ಅಪ್ಪನಿಂದ ಕಲಿತವಳು, ಹಾಗೆ ಬಂದೀತು, ಅಂದುಕೊಂಡೆ. ಆದರೆ ಗತ್ತಿನ ಈ ಉತ್ತರವನ್ನು ಮನೆಯಲ್ಲಿ ನುಡಿಸುವ ಹಾಗಿಲ್ಲ, ಆತಿಫ್ ಕಲಿಸಿಯೇ ಇರಲಿಲ್ಲ ಎಂದು ಅವಳೇ ಹೇಳಿದ್ದಳು. ಅವಳು ನುಡಿಸಬೇಕೆಂದು ಕಟ್ಟಿಕೊಂಡು ಬಂದದ್ದು ಬೇರೆಯೇ.

ಡ್ರಮ್ಮಿನವನು ಕೋಲು ಕೆಳಗೆ ಹಾಕಿದ. ಸುಭಾನ ತಿರುಗಿ ನೋಡಲೂ ಇಲ್ಲ. ಟ್ರಂಪೆಟ್ ಇಳಿಸಿ ಕಣ್ಣು ಮುಚ್ಚಿ ನಿಂತ. ಜನ ಚಪ್ಪಾಳೆ ತಟ್ಟಿದರು.

ಮುಗಿಸಿ ಬಂದ ಹುಸ್ನಾ ಬೆವೆತು ನೀರಾಗಿದ್ದಳು. "ಚಲೋ ಆಯ್ತಾ?" ಎಂದಳು. ಆಮೇಲೆ, ಏನೂ ಊದಿಯೇ ಇಲ್ಲದವಳ ಹಾಗೆ — "ನಾನು ಯಾವಾಗ ಊದಬೇಕು ಆಂಟಿ? ಈಗಲಾ?"

ಫೆಬ್ರವರಿ 8, ಶನಿವಾರ

ಸುಭಾನ ಬಂದಿದ್ದ. ಕುಳಿತುಕೊಳ್ಳಲಿಲ್ಲ. ಕೂಗಾಡುತ್ತಾನೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ — ಹೆಣ್ಣು, ಸಮಾನತೆ, ಕಾನೂನು. ಕೂಗಾಡಲಿಲ್ಲ.

"ಹುಡುಗಿ ಊದಿದ್ದಕ್ಕ ಸಿಟ್ಟಿಲ್ರಿ ಅಕ್ಕಾ. ವರ್ಷ ತುಂಬಿದ್ರ ನಾನಽ ಕರೀತಿದ್ದೆ. ಆ ಜಾಗಾ ಆತಿಫ್ ನಡಕೊಂತ ಹೋಗಾಕ ನಾವು ಬಿಟ್ಟಿದ್ದುರಿ. ಸಾವಕಾಶ ಹೊಂಟಿದ್ದ. ನೀವು ದಾರ್ಯಾಗ ಹುಡುಗೀನ ನಿಲ್ಲಿಸಿದ್ರಿ."

ಎಂಥ ಮಾತು ಇದು ಎಂದೆ. ಮೂಢನಂಬಿಕೆ ಎಂಬ ಪದವೂ ಬಾಯಿಂದ ಬಂತು.

"ಇರಬೌದ್ರಿ" ಎಂದ. ಚಪ್ಪಲಿ ಹಾಕಿಕೊಂಡು ಹೋದ.

ಫೆಬ್ರವರಿ 16, ಭಾನುವಾರ

ಬೈಠಕ್ ರದ್ದು. ಪಣಜಿಗೆ ಕಳಿಸಲು ಹುಸ್ನಾಳದ್ದು ರೆಕಾರ್ಡ್ ಮಾಡೋಣ ಎಂದು ಕರೆದೆ. ಅವಳು ಕಟ್ಟಿದ ಸಣ್ಣ ತುಣುಕು ನನಗೆ ಗೊತ್ತು, ಡಿಸೆಂಬರಿನಲ್ಲಿ ಗುನುಗಿ ತೋರಿಸಿದ್ದಳು. ಒಡ್ಡೊಡ್ಡು, ಆದರೆ ಅವಳದ್ದೇ. ಮಧ್ಯೆ ಒಂದು ಕಡೆ ಸ್ವರ ಮುರಿದುಕೊಂಡು ಹಾರುತ್ತಿತ್ತು.

ಇವತ್ತು ಶುರು ಮಾಡಿದ್ದು ಅದನ್ನೇ. ಮೂರನೆಯ ಸ್ವರಕ್ಕೆ ಬೆರಳು ಬೇರೆ ಕಡೆ ಹೋದವು. ಮತ್ತೆ ಆತಿಫನ ಉತ್ತರ. ನಿಲ್ಲಿಸಿದಳು. ಮತ್ತೆ ಶುರು. ಮತ್ತೆ ಅದೇ. ಅಳುತ್ತ ಊದಿದಳು. ಕಣ್ಣಲ್ಲಿ ನೀರು ಇಳಿಯುತ್ತಿದೆ, ವಾದ್ಯ ಮಾತ್ರ ನಗುತ್ತಿದೆ.

ಅವಳು ಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ರೇಡಿಯೋದಲ್ಲಿ ನನ್ನ ಕೆಲಸವೇ ಉಸಿರು ಕತ್ತರಿಸುವುದು. ಮಾತಿನ ನಡುವೆ ಜನ ಎಳೆದುಕೊಳ್ಳುವ ಉಸಿರನ್ನು ಬ್ಲೇಡಿನಲ್ಲಿ ತೆಗೆದು ಟೇಪು ಅಂಟಿಸುತ್ತಿದ್ದೆ. ಮುಖ ಮರೆತರೂ ಉಸಿರು ಮರೆಯುವುದಿಲ್ಲ.

ಊದುವ ಮೊದಲು ಹುಸ್ನಾ ಉಸಿರು ಎಳೆದುಕೊಳ್ಳುತ್ತಾಳೆ. ಚಿಕ್ಕದು, ಬಾಯಿಂದ. ಅದರ ಹಿಂದೆಯೇ ಇನ್ನೊಂದು. ದೊಡ್ಡದು, ಮೂಗಿನಲ್ಲಿ ಸಣ್ಣ ಸಿಳ್ಳಿನೊಂದಿಗೆ. ಬೀಡಿ ಬಿಡು ಆತಿಫ್ ಎಂದು ಎಷ್ಟು ಸಲ ಬೈದಿದ್ದೆ ಆ ಉಸಿರಿಗೆ.

ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಕಿಟಕಿ ಮುಚ್ಚಿತ್ತು. ಕಂಪ್ರೆಸರ್ ಕೂಡ ಇರಲಿಲ್ಲ.

ಫೆಬ್ರವರಿ 22, ಶನಿವಾರ

ಯಲ್ಲಾಪುರಕ್ಕೆ ಹೋಗಿ ಬಂದೆವು. ನನ್ನದೇ ಹಟ. ಬೇರೆ ತಾಳ ಸಿಕ್ಕರೆ ಬೆರಳು ಬೇರೆ ದಾರಿ ಹಿಡಿದೀತು ಎಂಬ ಆಸೆ. ಮಾಗೋಡು ರಸ್ತೆಯಲ್ಲಿ ಮಂಜಿಯ ಮನೆ. ಆಫ್ರಿಕಾ ಮೂಲದ ಸಿದ್ದಿಯರ ಡಮಾಮಿ ಬಾರಿಸುವವಳು, ಉದ್ದದ ಡೋಲು, ಎರಡು ಕಡೆ ಚರ್ಮ. ಆ ಪೆಟ್ಟು ಎಲ್ಲಿಂದ ಹಡಗು ಹತ್ತಿ ಬಂತೋ, ಅದರ ದಾಯಾದಿ ಪೆಟ್ಟು ಇನ್ನೊಂದು ಹಡಗಿನಲ್ಲಿ ಅಮೆರಿಕಕ್ಕೆ ಹೋಯಿತು ಎಂದು ನನ್ನ ಭಾಷಣ ಶುರುವಾಯಿತು.

"ರೆಕಾರ್ಡ್ ಮಾಡುಕೆ ಬಂದ್ರಾ?" ಎಂದಳು ಮಂಜಿ. "ಹೋದ ವರ್ಷ ಒಬ್ರು ಬಂದು ಎಲ್ಲ ತಕಂಡು ಹೋದ್ರು. ಒಂದು ಕಾಪಿ ಕಳಿಸ್ಲಿಲ್ಲ. ಚಾ ಮಾತ್ರ ಮೂರು ಸಲ ಕುಡ್ದ್ರು."

ನನ್ನ ಸಿಟ್ಟೂ ಅವಳ ಸಿಟ್ಟೂ ಒಂದೇ ಆಯಿತು, ಸ್ನೇಹವಾಯಿತು. ಬಾರಿಸಲು ಕೂತಳು. ಅಂಗಳದಲ್ಲಿ ಹಗಲು ಬೆಳಕು, ಅವಳ ಸೊಸೆ ಅಕ್ಕಿ ಆರಿಸುತ್ತಿದ್ದಳು. ಹುಸ್ನಾ ಊದಿದಳು. ಮೊದಲು ಚೆನ್ನಾಗಿಯೇ ಬಂತು! ಮುರಿದು ಹಾರುವ ಆ ಸ್ವರದ ತನಕ ಹೋದಳು. ಕೈ ಮುಗಿಯುವಷ್ಟು ಸಂತೋಷ ನನಗೆ.

ಅಷ್ಟರಲ್ಲಿ ಮಂಜಿ ಕೈ ನಿಲ್ಲಿಸಿದಳು.

"ಎಂತಕ್ಕೆ ನಿಲ್ಸಿದ್ರಿ?" ಎಂದೆ.

"ಪೆಟ್ಟಿನ ನಡುವೆ ಯಾರೋ ಕಾಲು ಇಡ್ತಾ ಇದಾರೆ" ಎಂದಳು. "ಅವಳದ್ದಲ್ಲ. ನಂಗೆ ಬ್ಯಾಡ ಅಕ್ಕ. ನೀವು ಮನಿಗೆ ಹೋಗಿ."

ಡೋಲನ್ನು ಒಳಗೆ ಒಯ್ದು ಬಾಗಿಲು ಎಳೆದುಕೊಂಡಳು. ಚಾ ಕೊಡಲಿಲ್ಲ.

ಫೆಬ್ರವರಿ 27, ಗುರುವಾರ

ಬರೆಯಲು ಏನೂ ಇಲ್ಲ. ಆ ರೆಕಾರ್ಡಿಂಗ್ ಅಳಿಸಬೇಕು ಎಂದುಕೊಂಡೆ. ನನ್ನಿಂದ ಆಗಲಿಲ್ಲ.

ಏಪ್ರಿಲ್ 2, ಬುಧವಾರ

ರಂಜಾನ್ ಮುಗಿಯಿತು. ಒಂದು ತಿಂಗಳು ಬ್ಯಾಂಡೂ ಇಲ್ಲ, ಹುಸ್ನಾಳೂ ಇಲ್ಲ. ಊದದಿದ್ದರೆ ತಾನಾಗಿ ಹೋದೀತು ಎಂದು ನಂಬಿದ್ದೆ.

ಇವತ್ತು ಜೊಹರಾ ಹಬ್ಬದ ಶ್ಯಾವಿಗೆ ಪಾಯಸ, ಸುರಕುಂಬಾದ ಡಬ್ಬಿ ಹಿಡಿದು ಬಂದಳು. ಆತಿಫನ ಹೆಂಡತಿ. ಮಾತು ಕಡಿಮೆ. ಲೋಟಕ್ಕೆ ಸುರಿದು ಕೊಟ್ಟು, ನಾನು ಕುಡಿಯುವ ತನಕ ಕಾದಳು.

"ಅಕ್ಕ, ಹುಸ್ನಾ ನನ್ನ ಅಮ್ಮೀ ಅಂತ ಕರೀತಿಲ್ಲ ಈಗ."

"ಮತ್ತೆ?"

"ಜೊಹ್ರಾ ಅಂತಾಳೆ. ರಾಗ ಎಳೆದು. ಅವ್ರು ಕರೀತಿದ್ದ ಹಾಗೆ." ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. "ಮೊದಲ ದಿನ ಖುಷಿ ಆಯ್ತು ನಂಗೆ. ದೇವರು ಕ್ಷಮಿಸಲಿ. ಎಷ್ಟು ತಿಂಗಳಾಗಿತ್ತು ಯಾರೂ ಹಾಗೆ ಕರೀದೆ. ಓ ಅಂದೆ. ತಿರುಗಿ ನೋಡಿದ್ರೆ ಮಗಳು. ಅವಳಿಗೆ ತಾನು ಕರ್ದದ್ದೇ ಗೊತ್ತಿಲ್ಲ."

ಡಬ್ಬಿಯ ಮುಚ್ಚಳ ಹಾಕಿದಳು.

"ಗಂಡ ಇಲ್ಲದೆ ಇರೋದು ಕಲ್ತೆ ಅಕ್ಕ. ಮಗಳು ಎದುರಿಗೆ ಇದ್ದೂ ಇಲ್ಲದೆ ಇರೋದು ಹೇಗೆ?"

ಏಪ್ರಿಲ್ 6, ಭಾನುವಾರ

ಸುಭಾನನ ಮನೆಗೆ ನಾನೇ ಹೋದೆ. ಕಸ್ತೂರಬಾ ನಗರ. ಟ್ರಂಪೆಟ್ಟಿಗೆ ಹುಣಸೆ ಹಣ್ಣು ಹಚ್ಚಿ ತಿಕ್ಕುತ್ತಿದ್ದ. ಮೂಢನಂಬಿಕೆ ಎಂದದ್ದು ತಪ್ಪಾಯಿತು ಎಂದೆ. "ಅದು ಬಿಡ್ರಿ, ಕುಂಡ್ರಿ" ಎಂದ.

ದಾರಿ ಇದೆಯಂತೆ. ವರ್ಷ ತುಂಬಿದ ಮೇಲೆ ಬರುವ ಮೊದಲ ಮೆರವಣಿಗೆಯಲ್ಲಿ ಅವಳು ಮತ್ತೆ ಅದೇ ಜಾಗದಲ್ಲಿ ನಿಲ್ಲಬೇಕು. ವಾದ್ಯ ಬಾಯಿಗಿಟ್ಟು, ಊದದೆ. ಆತಿಫನ ಸಾಲು ಆತಿಫನೇ ಮುಗಿಸಬೇಕು. ಗತ್ತು ಮುಗಿದ ಕೂಡಲೇ ಸಾಲು ಕೂಡಿಕೊಳ್ಳಬೇಕು, ಜಾಗ ಉಳಿಯಬಾರದು.

"ನಿನಗೆ ಹೇಗೆ ಗೊತ್ತು?"

"ನಾನೂ ಹುಡುಗ ಇದ್ದಾಗ ಹಿಂಗಽ ಮಾಡಿದ್ದೆ. ಅಬ್ಬಾ ತೀರಿಕೊಂಡಾಗ. ಯಾರೂ ಹೇಳಿರಲಿಲ್ಲ, ದುಃಖ ತಡೀಲಾರದ ಊದಿಬಿಟ್ಟೆ. ಅಮ್ಮ ಹಿಂಗಽ ನಿಲ್ಲಿಸಿ ಬಿಡಿಸಿದ್ಲು."

"ಹಾಗಾದರೆ ಆಗುತ್ತದೆ! ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯ?"

ತಿಕ್ಕುವುದು ನಿಲ್ಲಿಸಿದ. "ಹೋಗುವಾಗ ಬರೀಗೈಲೇ ಹೋಗಾಂಗಿಲ್ರಿ ಸತ್ತವ್ರು."

ಅವರ ತಂದೆಯ ಟ್ರಂಪೆಟ್ಟನ್ನು ನಾನು ಚಿಕ್ಕಂದಿನಲ್ಲಿ ದೇವಿಕೆರೆಯ ದಂಡೆಯಲ್ಲಿ ಕೇಳಿದ್ದೇನೆ. ಎಂಥ ತುಂಬು ಸ್ವರ, ನಿನಗೂ ಅದೇ ಬಂದಿದೆ ಎಂದೆ.

"ಹೌದೇನ್ರಿ?" ಎಂದ. ಸುಮ್ಮನೆ ಒಪ್ಪಿಕೊಳ್ಳುವ ಧ್ವನಿ ಅಲ್ಲ. ನಿಜವಾಗಿ ಕೇಳಿದ.

ಏಪ್ರಿಲ್ 20, ಭಾನುವಾರ

ಹುಸ್ನಾ ಬಂದಳು. ಕಣ್ಣ ಕೆಳಗೆ ಕಪ್ಪು. ಎಲ್ಲವನ್ನೂ ಹೇಳಿದೆ. ಏನನ್ನೋ ಒಯ್ಯುತ್ತಾರಂತೆ ಎಂಬುದನ್ನೂ ಹೇಳಿದೆ, ಮುಚ್ಚಿಡಲಿಲ್ಲ.

"ನನ್ನ ಉಸಿರು ನನಗೆ ಬೇಕು ಆಂಟಿ" ಎಂದಳು. "ಬೇರೆ ಏನು ಬೇಕಾದ್ರೂ ಒಯ್ಲಿ."

ಮೇ 4, ಭಾನುವಾರ

ವಾನಳ್ಳಿ. ಹಿತ್ತಾಳೆ ಮುಟ್ಟಿದರೆ ಸುಡುವ ಬಿಸಿಲು. ಮದುವೆ ಮನೆಯವರಿಗೆ ಏನೂ ಗೊತ್ತಿಲ್ಲ. ಒಬ್ಬ ಮಾವ ಬಂದು ಡಿಜೆ ಯಾಕೆ ತರಲಿಲ್ಲ ಎಂದು ಗೊಣಗಿದ. ಬೇರೆ ದಿನವಾದರೆ ಬಿಡುತ್ತಿರಲಿಲ್ಲ ನಾನು.

ಮೂರನೇ ಸಾಲಿನಲ್ಲಿ ಹುಸ್ನಾ. ಕೆಂಪು ಯೂನಿಫಾರ್ಮಿನ ಗಂಡಸರ ನಡುವೆ ಹಸಿರು ಚೂಡಿದಾರ್. ಜೊಹರಾ ನನ್ನ ಪಕ್ಕ ನಡೆಯುತ್ತಿದ್ದಳು, ಬರಿಗಾಲಲ್ಲಿ.

ಸುಭಾನ ಕೇಳಿದ. ಹುಸ್ನಾ ವಾದ್ಯ ಬಾಯಿಗಿಟ್ಟಳು. ಊದಲಿಲ್ಲ. ಕೆನ್ನೆ ಸಪಾಟು, ತುಟಿ ಬಿಳಿಚಿದೆ. ಚಪ್ಪಲಿ ಸದ್ದು... ಆ ಸದ್ದಿನಲ್ಲಿ ಒಂದು ಜೊತೆ ಹೆಚ್ಚಿತ್ತು. ಲಯಕ್ಕೆ ಕೂದಲೆಳೆಯಷ್ಟು ತಡ.

ಗತ್ತಿನ ಕೊನೆಯ ಸಾಲಿಗೆ ಅವಳ ಬೆರಳುಗಳು ಒಂದೊಂದೇ ಇಳಿದವು. ಅವಳು ಇಳಿಸಿದ್ದಲ್ಲ. ಎಲೆಗೆ ಮಳೆ ಹನಿ ಬಿದ್ದಾಗ ಎಲೆ ಬಗ್ಗುವಂತೆ ವಾದ್ಯದ ಕೀಲಿ ತಾನೇ ಬಗ್ಗಿತು, ಅದರ ಮೇಲಿದ್ದ ಬೆರಳೂ ಬಗ್ಗಿತು. ಸ್ವರ ಕೇಳಲಿಲ್ಲ. ಜೊಹರಾ ಮಾತ್ರ ತಲೆಯೆತ್ತಿ ಕೇಳುತ್ತಿದ್ದಳು, ಮದುವೆಯ ಹುಡುಗಿಯ ಮುಖ ಮಾಡಿಕೊಂಡು.

ಗತ್ತು ಮುಗಿಯಿತು. ಸುಭಾನ ಕೈ ಎತ್ತಿದ. ಸಾಲು ಕೂಡಿಕೊಂಡಿತು, ಭುಜಕ್ಕೆ ಭುಜ. ಡ್ರಮ್ ಬಿದ್ದದ್ದೇ ಹುಸ್ನಾ ಊದಿದಳು — ಅವಳದ್ದು! ಒಡ್ಡೊಡ್ಡು, ಎತ್ತರ, ಮುರಿದು ಹಾರಿ... ರಸ್ತೆಯ ನಡುವೆ ನಿಂತು ಕುಣಿದುಬಿಟ್ಟೆ. ಅರವತ್ತೇಳರ ಹೆಂಗಸು. ಉಲ್ಲಾಸ ನೋಡಿ ತಲೆ ಚಚ್ಚಿಕೊಂಡ. "ಅತ್ತೆ, ಮೊಣಕಾಲು!"

ಮೇ 7, ಬುಧವಾರ

ನನ್ನ ಕೋಣೆಯಲ್ಲೇ ನುಡಿಸಿದಳು, ಪಣಜಿಗೆ ಕಳಿಸಿದೆವು. ಸಂಜೆಯೇ ಫೋನು. ಒಂದನೇ ತಾರೀಕಿಗೆ ಬಾ ಎಂದರಂತೆ. ರೆಕಾರ್ಡಿಂಗನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಒಂದೇ ಉಸಿರು. ಚಿಕ್ಕದು, ಬಾಯಿಂದ.

ಜೊಹರಾಳನ್ನು ಅಮ್ಮೀ ಎಂದೇ ಕರೆಯುತ್ತಾಳೆ. ಊಟ ಮಾಡುತ್ತಾಳೆ, ನಗುತ್ತಾಳೆ. ಏನನ್ನು ಒಯ್ದಿರಬಹುದು ಎಂದು ಸುಭಾನನನ್ನು ಕೇಳಿದೆ. "ಆರಾಮ ಅದಾಳಲ್ರಿ ಅಕ್ಕಾ" ಎಂದಷ್ಟೇ ಹೇಳಿದ.

ಮೇ 11, ಭಾನುವಾರ

ಬೈಠಕ್ ತುಂಬಿತ್ತು. ಹುಸ್ನಾಳನ್ನು ಬೀಳ್ಕೊಡುವ ನೆಪ. ಉಲ್ಲಾಸ ಜಿಲೇಬಿ ತಂದಿದ್ದ — ಹಲ್ಲಿನ ಡಾಕ್ಟರು! ಸುಭಾನ ಬರಲಿಲ್ಲ. ಕರೆದಿದ್ದೆ.

ಜೊಹರಾ ಮೊದಲ ಸಲ ಬಂದಳು. ಎಲ್ಲ ಮುಗಿಯುತ್ತ ಬಂದಾಗ ಆತಿಫನ ಹಳೆಯ ಫೋನು ತೆಗೆದಳು. ಮನೆಯಲ್ಲಿ ಅವನು ನುಡಿಸುತ್ತಿದ್ದಾಗ ಅಡುಗೆ ಮನೆಯಿಂದ ಅವಳೇ ಹಿಡಿದಿಟ್ಟದ್ದಂತೆ. ವರ್ಷವಿಡೀ ಕೇಳುವ ಧೈರ್ಯ ಬಂದಿರಲಿಲ್ಲ. "ಈಗ ಕೇಳಬಹುದು, ಅಲ್ವಾ ಅಕ್ಕ? ಎಲ್ರೂ ಕೇಳ್ಲಿ."

ಸ್ಪೀಕರಿಗೆ ಜೋಡಿಸಿದೆ. ಕುಕ್ಕರಿನ ಸೀಟಿ, ಪಾತ್ರೆ ಸದ್ದು, ಅದರ ಹಿಂದಿನಿಂದ ಆತಿಫ್. ಗತ್ತಲ್ಲ, ಯಾವುದೋ ಹಳೆಯ ಹಾಡು, ಆದರೂ ಅದೇ ತಡೆದು ಹಿಡಿದ ಎರಡನೇ ಸ್ವರ. ಜಾರಿ ನಗುವ ಕೊನೆಯದು. ಉಲ್ಲಾಸ ಕನ್ನಡಕ ತೆಗೆದು ಒರೆಸಿಕೊಂಡ.

ಹುಸ್ನಾ ಮುಂದೆ ಬಾಗಿ ಕೇಳುತ್ತಿದ್ದಳು. ಹೊಸ ರೆಕಾರ್ಡು ಹಾಕಿದಾಗ ಕೇಳುವ ಹಾಗೆ. ತಲೆ ಒಂದು ಬದಿಗೆ.

"ಎಷ್ಟು ಚಲೋ ನುಡಿಸ್ತಾರೆ ಆಂಟಿ" ಎಂದಳು. "ಯಾರು ಇವ್ರು? ನಮ್ಮ ಕಡೆಯವರಾ?"

ತಮಾಷೆ ಎಂದುಕೊಂಡು ಯಾರೋ ನಕ್ಕರು. ಅವಳು ನಗಲಿಲ್ಲ. ಉತ್ತರಕ್ಕೆ ಕಾಯುತ್ತ ನನ್ನನ್ನೇ ನೋಡಿದಳು. ಜೊಹರಾ ನನ್ನ ಮಣಿಕಟ್ಟು ಹಿಡಿದಳು, ಬಳೆ ಒತ್ತಿ ನೋವಾಗುವಷ್ಟು. ಹೇಳು ಎಂದೋ, ಬೇಡ ಎಂದೋ... ಸುಭಾನನ ಆ "ಹೌದೇನ್ರಿ?" ಈಗ ಅರ್ಥವಾಯಿತು, ಅವನಿಂದಲೂ ಒಯ್ದದ್ದು ಅಪ್ಪನ ಸ್ವರವನ್ನೇ.